ಗೋದಲಿ ಮುಂದೆ ನಿಂತು ನೋಡುವವರು ಯಾರು?

ಓದುಗರ ಪತ್ರ: "ನಿಮ್ಮ ಪತ್ರಿಕೆಯಲ್ಲಿ ಎರಡು ಹಸು, ಮೂರು ಹಸು ಸಾಕುವವರ ಕತೆಗಳೇ ಜಾಸ್ತಿ. ಅವರು ಮೇವು ಹಾಕುವುದೆಲ್ಲ ಅಂದಾಜಿನ ಮೇಲೆ. ಹಿಂಡಿ ಇದ್ದ ದಿನ ಹಿಂಡಿ, ಇಲ್ಲದ ದಿನ ಬರೀ ಒಣಹುಲ್ಲು. ದೊಡ್ಡ ಫಾರ್ಮುಗಳಲ್ಲಿ ಎಲ್ಲಕ್ಕೂ ತೂಕವಿದೆ. ಯಂತ್ರ ಕಲಸುತ್ತದೆ, ಕಂಪ್ಯೂಟರ್ ಲೆಕ್ಕ ಇಡುತ್ತದೆ. ಮೇವು ಹಾಕುವುದು ವಿಜ್ಞಾನ, ಮಮತೆಯಲ್ಲ. ನನ್ನಲ್ಲಿ ಈಗ 8 ಹಸುಗಳಿವೆ. ಸಾಲ ತೆಗೆದು 60ಕ್ಕೆ ಏರಿಸುತ್ತಿದ್ದೇನೆ. ನನ್ನಂಥವರಿಗೆ ಬೇಕಾದ್ದನ್ನು ಬರೆಯಿರಿ. ಸಣ್ಣವರನ್ನು ಹೊಗಳಿದ್ದು ಸಾಕು."

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಕಾಳಜಿಯೂ ಇದೆ. ಹಸುವಿನ ಹೊಟ್ಟೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಓದುಗರು ಸಿಗುವುದು ಅಪರೂಪ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನೀವು ಹೇಳಿದ್ದರಲ್ಲಿ ಸರಿಯಾದದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ತೂಕ ಮಾಡಿ ಹಾಕುವುದು ಒಳ್ಳೆಯದು. ದೊಡ್ಡ ಫಾರ್ಮಿನಲ್ಲಿ ಅದು ದಿನವೂ ನಡೆಯುತ್ತದೆ, ಸಣ್ಣ ಕೊಟ್ಟಿಗೆಯಲ್ಲಿ ಸಾಮಾನ್ಯವಾಗಿ ಇಲ್ಲ. ನೀರಿನ ವಿಷಯದಲ್ಲೂ ಸಣ್ಣವರು ಹಿಂದೆ. ಹಾಲಿನಲ್ಲಿ ಶೇ 87ರಷ್ಟು ನೀರೇ. ಕರೆಯುವ ಹಸುವನ್ನು ಕಟ್ಟಿಹಾಕಿ ದಿನಕ್ಕೆ ಎರಡು ಸಲ ಬಕೆಟ್ ಇಟ್ಟರೆ ಸಾಲದು. ದೊಡ್ಡ ಫಾರ್ಮಿನ ತೊಟ್ಟಿಯಲ್ಲಿ ಯಾವಾಗಲೂ ನೀರಿರುತ್ತದೆ. ಇಷ್ಟು ಸರಿ.

ಆದರೆ "ವಿಜ್ಞಾನ, ಮಮತೆಯಲ್ಲ" ಎಂದಿರಲ್ಲ, ಅಲ್ಲಿ ನನ್ನ ತಕರಾರು. ಎರಡು ಹಸು ಇಟ್ಟವರು ಗೋದಲಿ ಮುಂದೆ ನಿಂತು ನೋಡುತ್ತಾರೆ. ಅದನ್ನು ನೀವು ಮಮತೆ ಅಂದುಕೊಂಡಿದ್ದೀರಿ. ಅದೂ ಒಂದು ಅಳತೆ. ತಕ್ಕಡಿಗೆ ಸಿಗದ್ದನ್ನು ಅಳೆಯುವ ಅಳತೆ.

ಹಸುವಿನ ಒಳಗೆ ಏನು ನಡೆಯುತ್ತದೆ ನೋಡಿ. ಬೆಳೆದ ಹಸುವಿನ ಮೊದಲ ಹೊಟ್ಟೆ ನೂರು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಅದರ ತುಂಬ ಸೂಕ್ಷ್ಮಜೀವಿಗಳು. ನಾವು ಹಾಕುವ ಮೇವು ಮೊದಲು ಸೇರುವುದು ಅವುಗಳ ಬಾಯಿಗೆ. ಅವು ಮೇವನ್ನು ಹುದುಗಿಸಿ ಆಮ್ಲ ಮಾಡುತ್ತವೆ. ಆ ಆಮ್ಲವೇ ಹಸುವಿಗೆ ಶಕ್ತಿ. ಆದರೆ ಅದು ಮಿತಿ ಮೀರಿದರೆ ಹಸು ಕೆಡುತ್ತದೆ. ಮಿತಿಯಲ್ಲಿಡುವುದು ಜೊಲ್ಲು. ಹಸುವಿಗೆ ದಿನಕ್ಕೆ ನೂರು ಲೀಟರಿಗೂ ಮೀರಿ ಜೊಲ್ಲು ಸುರಿಯುತ್ತದೆ, ಅದರಲ್ಲಿ ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್ ಇದೆ. ಜೊಲ್ಲು ಬರಬೇಕಾದರೆ ಹಸು ಅಗಿಯಬೇಕು, ಮೆಲುಕು ಹಾಕಬೇಕು. ಅದಕ್ಕೆ ಉದ್ದನೆಯ ನಾರು ಹೊಟ್ಟೆಗೆ ಬೀಳಬೇಕು. ಚೆನ್ನಾಗಿರುವ ಹಸು ದಿನಕ್ಕೆ 7ರಿಂದ 10 ಗಂಟೆ ಮೆಲುಕು ಹಾಕುತ್ತದೆ. ಹಿಂಡಿ ಏರಿಸಿ ಹುಲ್ಲು ಇಳಿಸಿದರೆ ಸ್ವಲ್ಪ ದಿನ ಹಾಲು ಏರಬಹುದು. ಆಮೇಲೆ ಹಾಲಿನ ಜಿಡ್ಡು ಇಳಿಯುತ್ತದೆ, ಸೆಗಣಿ ತೆಳ್ಳಗಾಗುತ್ತದೆ. ತಿಂಗಳುಗಳು ಕಳೆದ ಮೇಲೆ ಗೊರಸು ನೋಯುತ್ತದೆ. ಹಸು ಕುಂಟುವ ಹೊತ್ತಿಗೆ ಹಿಂಡಿ ಏರಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ನಾರನ್ನು ಲೆಕ್ಕ ಹಾಕುವ ದಾರಿ ತೋರಿಸಿದವರು ಅಮೆರಿಕದ ಪೀಟರ್ ವ್ಯಾನ್ ಸೂಸ್ಟ್. 1960ರ ದಶಕದಲ್ಲಿ ಅವರು ಮೇವನ್ನು ಮಾರ್ಜಕದ ದ್ರಾವಣದಲ್ಲಿ ಕುದಿಸಿ, ಕರಗದೆ ಉಳಿದ ನಾರನ್ನು ತೂಗುವ ವಿಧಾನ ರೂಪಿಸಿದರು. ಮೇವು ಪರೀಕ್ಷಿಸುವ ಪ್ರಯೋಗಾಲಯಗಳು ಇವತ್ತಿಗೂ ಅದನ್ನು ಬಳಸುತ್ತವೆ. ತುಂಬಾ ದೊಡ್ಡ ಕೆಲಸ ಅದು. ಆದರೆ ಒಂದೇ ಹುಲ್ಲನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೇ, ಇನ್ನೊಂದನ್ನು ನುಣ್ಣಗೆ ಪುಡಿ ಮಾಡಿ ಪರೀಕ್ಷೆಗೆ ಕಳಿಸಿ. ಎರಡಕ್ಕೂ ನಾರಿನ ಅಂಕಿ ಹೆಚ್ಚುಕಡಿಮೆ ಒಂದೇ ಬರುತ್ತದೆ. ಹಸುವಿಗೆ ಮಾತ್ರ ಅವು ಬೇರೆ ಬೇರೆ ಮೇವು. ಪುಡಿಯಲ್ಲಿ ಅಗಿಯಲು ಏನಿದೆ? ವಿಜ್ಞಾನಿಗಳೂ ಇದನ್ನು ಕಂಡುಕೊಂಡರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಒಂದು ಜರಡಿ ಪೆಟ್ಟಿಗೆ ಮಾಡಿದರು. ಗೋದಲಿಯ ಮೇವನ್ನು ಅದರಲ್ಲಿ ಹಾಕಿ ಜಾಡಿಸಿದರೆ ಉದ್ದದ ತುಂಡು ಎಷ್ಟು, ಪುಡಿ ಎಷ್ಟು ಅನ್ನುವುದು ಎದುರಿಗೇ ಕಾಣುತ್ತದೆ. ಪ್ರಯೋಗಾಲಯದ ಅಂಕಿ ಸಾಲದೆ ವಿಜ್ಞಾನವೇ ಗೋದಲಿಗೆ ಬರಬೇಕಾಯಿತು.

ಪಶು ಆಹಾರ ತಜ್ಞರಲ್ಲಿ ಒಂದು ಹಳೆಯ ಮಾತಿದೆ. ಪ್ರತಿ ಹಟ್ಟಿಯಲ್ಲೂ ಮೂರು ಮೇವು ಇರುತ್ತವಂತೆ: ಕಾಗದದ ಮೇಲೆ ಬರೆದದ್ದು, ಗೋದಲಿಗೆ ಬಿದ್ದದ್ದು, ಹಸು ತಿಂದದ್ದು. ಯಂತ್ರ ಕಲಸಿ ಹಾಕಿದರೂ ಹಸು ಆರಿಸುತ್ತದೆ. ಮೂತಿಯಿಂದ ಸರಿಸಿ ಸರಿಸಿ ಕಾಳು ಹೆಕ್ಕಿ ದಂಟು ಬಿಡುತ್ತದೆ. ಜೋರಿನ ಹಸುಗಳು ಮೊದಲು ನುಗ್ಗಿ ಕಾಳು ಮುಗಿಸುತ್ತವೆ. ಮೊದಲ ಸೂಲಿನ ಹಸುಗಳು ಹಿಂದೆ ನಿಂತು, ಕೊನೆಗೆ ಬಂದು ದಂಟು ತಿನ್ನುತ್ತವೆ. ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಸರಾಸರಿ. ಎರಡು ಹಸುವಿನ ಕೊಟ್ಟಿಗೆಯಲ್ಲಿ ಯಾವ ಹಸು ಏನು ತಿಂದಿತು ಅಂತ ಕೇಳಿ ನೋಡಿ, ಥಟ್ಟನೆ ಉತ್ತರ ಬರುತ್ತದೆ.

ಮೂರು ಹಸು ಸಾಕಿದ್ದ ಹೆಂಗಸೊಬ್ಬರ ಮನೆಗೆ ಲೇಖನಕ್ಕೆಂದು ಹೋಗಿದ್ದೆ. ಒಂದು ಹಸು ಕರು ಹಾಕಿ ಕೆಲವು ವಾರ ಆಗಿತ್ತು. ಮಾತಿನ ನಡುವೆ ಆಕೆ ಎದ್ದು ಕೊಟ್ಟಿಗೆಗೆ ಹೋಗಿ ಬಂದರು. "ಹಿಂಡಿ ಹಾಗೇ ಬಿಟ್ಟಿದೆ. ಒಣಹುಲ್ಲು ಮಾತ್ರ ತಿಂತಾ ಇದೆ. ಬಾಯಿ ವಾಸನೆಯೂ ಬೇರೆ ಥರ ಇದೆ" ಅಂದರು. ಹಾಲು ಇನ್ನೂ ಅಷ್ಟೇನೂ ಇಳಿದಿರಲಿಲ್ಲ. ಆಕೆ ಕಾಯಲಿಲ್ಲ, ಪಶುವೈದ್ಯರನ್ನು ಕರೆಸಿದರು. ಪರೀಕ್ಷೆಯಲ್ಲಿ ಕೀಟೋಸಿಸ್ ಅಂತ ಗೊತ್ತಾಯಿತು.

ಇದರ ಹಿಂದಿನ ಕಾರಣ ಹೇಳುತ್ತೇನೆ, ನಿಮಗೆ 60 ಹಸು ಬಂದ ಮೇಲೆ ಇದು ಪದೇ ಪದೇ ಎದುರಾಗುತ್ತದೆ. ಕರು ಹಾಕಿದ ಮೇಲೆ ಹಾಲು ಆರೆಂಟು ವಾರದಲ್ಲಿ ತುದಿ ಮುಟ್ಟುತ್ತದೆ. ಮೇವು ತಿನ್ನುವುದು ಅಷ್ಟು ಬೇಗ ಏರುವುದಿಲ್ಲ, ಅದಕ್ಕೆ ಹತ್ತು ಹನ್ನೆರಡು ವಾರವಾದರೂ ಬೇಕು. ನಡುವಿನ ಕೊರತೆಯನ್ನು ಹಸು ತನ್ನ ಮೈಯ ಕೊಬ್ಬು ಕರಗಿಸಿ ತುಂಬುತ್ತದೆ. ಕರಗುವುದು ಜಾಸ್ತಿಯಾದರೆ, ಕೊಬ್ಬಿನಿಂದ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ಏರುತ್ತದೆ. ಅದೇ ಕೀಟೋಸಿಸ್. ಆಗ ಹಸು ಸಾಮಾನ್ಯವಾಗಿ ಮೊದಲು ಬಿಡುವುದು ಹಿಂಡಿಯನ್ನು. ಒಣಹುಲ್ಲಿಗೆ ಇನ್ನೂ ಬಾಯಿ ಹಾಕುತ್ತಿರುತ್ತದೆ. ಈಗ ಯೋಚಿಸಿ. ಹಿಂಡಿ, ಹುಲ್ಲು, ರಸಮೇವು (ಗಾಳಿಯಾಡದಂತೆ ಮುಚ್ಚಿ ಹುದುಗಿಸಿಟ್ಟ ಹಸಿರು ಮೇವು) ಎಲ್ಲವನ್ನೂ ಕಲಸಿ ಒಂದೇ ರಾಶಿ ಮಾಡಿದ ಮೇಲೆ ಹಸು ಯಾವುದನ್ನು ಬಿಟ್ಟಿತು ಅಂತ ಹೇಗೆ ಗೊತ್ತಾಗಬೇಕು? ಕಲಸಿದ ಮೇವಿನಿಂದ ಲಾಭವಿದೆ, ಹೊಟ್ಟೆಯ ಆಮ್ಲ ಏರಿಳಿಯದೆ ಸಮನಾಗಿರುತ್ತದೆ. ಆದರೆ ಆಕೆ ಒಂದು ನೋಟಕ್ಕೆ ಹಿಡಿದ ಗುರುತು ಅಲ್ಲಿ ಮುಚ್ಚಿಹೋಗುತ್ತದೆ.

ಇನ್ನೊಂದು ಕಡೆ, ನೂರಾರು ಹಸುಗಳ ಫಾರ್ಮಿನಲ್ಲಿ, ಎಲ್ಲ ಹಸುಗಳ ಕೊರಳಿಗೂ ಪಟ್ಟಿ ಕಟ್ಟಿದ್ದರು. ಯಾವುದು ಎಷ್ಟು ನಿಮಿಷ ಮೆಲುಕು ಹಾಕಿತು ಅನ್ನುವುದು ಪರದೆಯ ಮೇಲೆ ಬರುತ್ತಿತ್ತು. ಒಳ್ಳೆಯ ಸಾಧನ. ನಾನು ಮೇವಿನ ಸಾಲಿನ ಕೊನೆಯವರೆಗೆ ನಡೆದು ಹೋಗಿ ರಾಶಿಯೊಳಗೆ ಕೈ ಹಾಕಿದೆ. ಬಿಸಿಯಾಗಿತ್ತು. ರಸಮೇವಿಗೆ ಗಾಳಿ ತಗುಲಿ, ಯೀಸ್ಟ್ ಬೆಳೆದು, ಮೇವು ಕೆಡುತ್ತಿತ್ತು. ಆ ತುದಿಯ ಹಸುಗಳು ಮೂಸಿ ಹಿಂದೆ ಸರಿಯುತ್ತಿದ್ದವು. ಅದನ್ನು ಕೆಲಸಗಾರರ ತಪ್ಪು ಅನ್ನಲಾರೆ. ಅವರಿಗೆ ಹೇಳಿದ್ದು ಗಾಡಿ ಓಡಿಸಿ ಮೇವು ಸುರಿಯಲು. ನೋಡಲು ಯಾರಿಗೂ ಹೇಳಿರಲಿಲ್ಲ.

ಅಂಕಿ ಸರಿಯಿದ್ದರೆ ಮೇವೂ ಸರಿ ಅನ್ನುವ ನಂಬಿಕೆ ಎಲ್ಲಿಗೆ ಮುಟ್ಟಿಸಬಹುದು ಅನ್ನುವುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ ಪ್ರಾಣಿಗಳ ಮಾಂಸ, ಮೂಳೆಯ ಪುಡಿಯನ್ನು ಹಸುಗಳ ಆಹಾರಕ್ಕೆ ಬೆರೆಸುತ್ತಿದ್ದರು. ಪ್ರೋಟೀನಿನ ಲೆಕ್ಕ ಕಾಗದದ ಮೇಲೆ ಕೂಡಿಬರುತ್ತಿತ್ತು. ಹುಲ್ಲು ತಿನ್ನುವ ಪ್ರಾಣಿಗೆ ಇದೇಕೆ ಅಂತ ಕೇಳಿದವರು ಕಡಿಮೆ. 1986ರಲ್ಲಿ ಹಸುವಿನ ಮಿದುಳು ಕೆಡಿಸುವ ಹುಚ್ಚು ಹಸು ರೋಗ ಗುರುತಾಯಿತು. ಅದು ಹರಡಿದ್ದು ಆ ಪುಡಿಯಿಂದಲೇ. 1988ರಲ್ಲಿ ಆ ಪುಡಿಯನ್ನು ಮೆಲುಕು ಹಾಕುವ ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ತಡವಾಗಿತ್ತು. ಬ್ರಿಟನ್ನಿನಲ್ಲಿ 1,80,000ಕ್ಕೂ ಹೆಚ್ಚು ದನಗಳಲ್ಲಿ ರೋಗ ಖಚಿತವಾಯಿತು. ಮನುಷ್ಯರಿಗೂ ಅದು ತಗುಲಿರಬಹುದು ಅಂತ 1996ರಲ್ಲಿ ಸರ್ಕಾರವೇ ಹೇಳಬೇಕಾಯಿತು.

ಅಮೆರಿಕದ ಮಿಚಿಗನ್‌ನಲ್ಲಿ 1973ರಲ್ಲಿ ನಡೆದದ್ದು ಇನ್ನೊಂದು ಥರದ್ದು. ಹಸುವಿನ ಆಹಾರಕ್ಕೆ ಮೆಗ್ನೀಸಿಯಂ ಆಕ್ಸೈಡ್ ಬೆರೆಸುವ ಬದಲು, ಚೀಲ ಅದಲುಬದಲಾಗಿ, ಬೆಂಕಿ ಹತ್ತದಂತೆ ಬಳಸುವ ರಾಸಾಯನಿಕ ಬೆರೆಸಿಬಿಟ್ಟರು. ಹಸುಗಳು ಮೇವು ಬಿಟ್ಟವು, ಹಾಲು ಕುಸಿಯಿತು. ಫ್ರೆಡರಿಕ್ ಹಾಲ್ಬರ್ಟ್ ಎಂಬ ಹೈನುಗಾರ ಆಹಾರದಲ್ಲೇ ಏನೋ ಇದೆ ಅಂತ ಹಟ ಹಿಡಿದು ಪರೀಕ್ಷೆ ಮಾಡಿಸುತ್ತಾ ಹೋದರು. ಕಾರಣ ಸಿಕ್ಕಿದ್ದು 1974ರಲ್ಲಿ. ಕೊನೆಗೆ ಸುಮಾರು 30,000 ದನಗಳನ್ನು ಕೊಲ್ಲಬೇಕಾಯಿತು. ಹಾಲ್ಬರ್ಟ್ ಅವರದು ನೂರಾರು ಹಸುಗಳ ಹಟ್ಟಿ ಅನ್ನುವುದನ್ನೂ ಹೇಳಿಬಿಡುತ್ತೇನೆ. ದೊಡ್ಡ ಹಟ್ಟಿಯಲ್ಲೂ ಒಡೆಯನೇ ನಿಂತು ನೋಡಬಹುದು, ಮನಸ್ಸು ಮಾಡಬೇಕಷ್ಟೇ.

ವಿಜ್ಞಾನ ಬೇಡ ಅಂತ ನಾನು ಹೇಳುತ್ತಿಲ್ಲ. ಫಿನ್ಲೆಂಡಿನ ಆರ್ಟುರಿ ವಿರ್ಟಾನೆನ್ ಅವರಿಗೆ 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದರಲ್ಲಿ ಮುಖ್ಯವಾಗಿದ್ದು ಹಸಿರು ಮೇವನ್ನು ಕೆಡದಂತೆ ಕಾಪಾಡುವ ವಿಧಾನ. ಉದ್ದನೆಯ ಚಳಿಗಾಲದಲ್ಲಿ ಹಸುಗಳಿಗೆ ಏನು ಹಾಕುವುದು ಅನ್ನುವ ರೈತರ ಕಷ್ಟದಿಂದ ಹುಟ್ಟಿದ ಸಂಶೋಧನೆ ಅದು. ನೊಬೆಲ್ ಬಂದಿದ್ದು ಮೇವಿಗೆ! ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನನ್ನ ಸಿಟ್ಟು ಬೇರೆ ಕಡೆ ಇದೆ. ಮೇವಿನ ಸಲಹೆ ಬಹಳ ಸಲ ಬರುವುದು ಆಹಾರ ಮಾರುವವರಿಂದಲೇ. ಹಾಲು ಇಳಿಯಿತಾ, ಇನ್ನೊಂದು ಕಿಲೋ ಹಾಕಿ ಅನ್ನುತ್ತಾರೆ. ಹುಲ್ಲು ಬಲಿಯುವ ಮೊದಲೇ ಕೊಯ್ಯಿರಿ ಅನ್ನುವ ಸಲಹೆಯಲ್ಲಿ ಯಾರಿಗೂ ಕಮಿಷನ್ ಇಲ್ಲ. ಹುಲ್ಲು ಬಲಿತಷ್ಟೂ ಅದರಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಏರುತ್ತದೆ, ಸೂಕ್ಷ್ಮಜೀವಿಗಳೂ ಅದನ್ನು ಜೀರ್ಣಿಸಲಾರವು. ಸರಿಯಾದ ಹೊತ್ತಿಗೆ ಕೊಯ್ದರೆ ಖರ್ಚಿಲ್ಲದೆ ಹಾಲು ಬರುತ್ತದೆ. ಇದನ್ನು ಯಾವ ಜಾಹೀರಾತು ಹೇಳುತ್ತದೆ?

ಇನ್ನು ತರಬೇತಿ. ಹುಲ್ಲು ಕೊಯ್ದು ಹೊತ್ತು ತರುವುದು, ಸೆಗಣಿ ಬಾಚುವುದು, ಕರುವಿಗೆ ಗಿಣ್ಣದ ಹಾಲು ಕುಡಿಸುವುದು ಬಹಳ ಮನೆಗಳಲ್ಲಿ ಹೆಂಗಸರು. ಸಭೆಯಲ್ಲಿ ಕುರ್ಚಿ ಮೇಲೆ ಕೂರುವುದು ಗಂಡಸರು. ಹಸುವಿನ ಬಾಯಿ ವಾಸನೆ ಗೊತ್ತಿರುವವರನ್ನು ಬಿಟ್ಟು ಹಸುವಿನ ಆರೋಗ್ಯದ ಬಗ್ಗೆ ಮಾತು ನಡೆಯುತ್ತದೆ. ಜಗತ್ತಿನಲ್ಲಿ ಸುಮಾರು 15 ಕೋಟಿ ಮನೆಗಳು ಹಾಲು ಉತ್ಪಾದನೆಯಲ್ಲಿವೆ ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಅವರಲ್ಲಿ ಹೆಚ್ಚಿನವರು ಸಣ್ಣವರೇ. ನಾನು ಅವರ ಕತೆ ಹಾಕಿದರೆ ಹೊಗಳಿಕೆ ಅನ್ನುತ್ತೀರಿ. ದಾಖಲೆ ಹಾಲು ಕೊಟ್ಟ ಒಂದು ಹಸುವಿನ ಫೋಟೋ ಹಾಕಿದರೆ ಅದು ಮಾಹಿತಿ. ಸರಿನಾ ಇದು? ಆ ದಾಖಲೆಯ ಹಸು ಎಷ್ಟು ಸೂಲು ಬಾಳಿತು ಅಂತಲೂ ಯಾರಾದರೂ ಬರೆಯಲಿ. ಹಸು ಅತಿ ಹೆಚ್ಚು ಹಾಲು ಕೊಡುವುದು ಸಾಮಾನ್ಯವಾಗಿ ನಾಲ್ಕು, ಐದನೇ ಸೂಲಿನ ಹೊತ್ತಿಗೆ. ಬಿರುಸಿನ ಫಾರ್ಮುಗಳಲ್ಲಿ ಬಹಳಷ್ಟು ಹಸುಗಳು ಅಲ್ಲಿಯವರೆಗೆ ಉಳಿಯುವುದೇ ಇಲ್ಲ. ಕುಂಟು, ಕೆಚ್ಚಲು ಬಾವು, ಗಬ್ಬ ಕಟ್ಟದಿರುವುದು, ಇವೇ ಅವುಗಳನ್ನು ಹೊರಗೆ ಹಾಕುತ್ತವೆ.

ನಿಮ್ಮ 60 ಹಸುಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಯಂತ್ರವಿದೆ, ಕಂಪ್ಯೂಟರಿದೆ, ಸಾಲವಿದೆ. ಮೇವು ಎಲ್ಲಿಂದ ಬರುತ್ತದೆ ಅಂತ ಒಂದು ಸಾಲೂ ಇಲ್ಲ. 500 ಕಿಲೋ ತೂಗುವ ಕರೆಯುವ ಹಸುವಿಗೆ ದಿನಕ್ಕೆ ಮೈತೂಕದ ಶೇ 3ರಷ್ಟು, ಅಂದರೆ ನೀರಿನಂಶ ಬಿಟ್ಟು 15 ಕಿಲೋ ಆಹಾರ ಬೇಕು. 60 ಹಸುವಿಗೆ ದಿನಕ್ಕೆ 900 ಕಿಲೋ. ವರ್ಷಕ್ಕೆ ಸುಮಾರು 328 ಟನ್. ಅದರಲ್ಲಿ ಅರ್ಧದಷ್ಟಾದರೂ ಹುಲ್ಲು, ರಸಮೇವು ಇರಬೇಕು. ಹಸಿ ಮೇವಿನ ಮುಕ್ಕಾಲು ತೂಕ ನೀರೇ ಆದ್ದರಿಂದ, ಹೊತ್ತು ತರುವ ಭಾರ ಆ ಅರ್ಧದ ಸುಮಾರು ನಾಲ್ಕು ಪಟ್ಟು. ಅಷ್ಟು ಬೆಳೆಯುವ ನೆಲ, ನೀರು ನಿಮ್ಮಲ್ಲಿದೆಯಾ? ಇಲ್ಲದಿದ್ದರೆ ಹುಲ್ಲಿನ ಜಾಗಕ್ಕೆ ಹಿಂಡಿ ಬರುತ್ತದೆ. ಆಮೇಲೆ ಏನಾಗುತ್ತದೆ ಅಂತ ಮೇಲೆ ಬರೆದಿದ್ದೇನೆ.

ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಆ ಲೆಕ್ಕ ಬರೆದು ಕಳಿಸಿ. ದಿನಕ್ಕೆ ಎರಡು ಸಲ ಮೇವಿನ ಸಾಲಿನ ಉದ್ದಕ್ಕೂ ನಡೆದು ನೋಡುವ ಕೆಲಸ ಯಾರದ್ದು ಅಂತಲೂ ತಿಳಿಸಿ, ಆ ಕೆಲಸಕ್ಕೆ ಸಂಬಳ ಇಟ್ಟಿದ್ದೀರಾ ಅಂತಲೂ. ಜೊತೆಗೆ ನಿಮ್ಮ 8 ಹಸುಗಳ ಬಗ್ಗೆ ಬರೆಯಿರಿ. ಯಾವುದು ಮೊದಲು ಗೋದಲಿಗೆ ಬರುತ್ತದೆ, ಯಾವುದು ಏನನ್ನು ಬಿಡುತ್ತದೆ, ಯಾವುದರ ಸೆಗಣಿ ಹೇಗಿದೆ. ನಿಮಗೆ ಇದೆಲ್ಲ ಗೊತ್ತಿದೆ ಅಂತ ನನಗೆ ನಂಬಿಕೆಯಿದೆ. ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.