ಅರ್ಧ ರೇಟಿನ ಎಲೆಕ್ಟ್ರಿಕ್ ಸೆಡಾನ್: ಮೊದಲು ಮೀಟರ್ ನೋಡಿ

ಪ್ರಶ್ನೆ: ಐಷಾರಾಮಿ ಎಲೆಕ್ಟ್ರಿಕ್ ಸೆಡಾನ್‌ಗಳು ಮಾರಾಟವೇ ಆಗುತ್ತಿಲ್ಲವಂತೆ. ಮುಂಬೈ ನೋಂದಣಿಯ, ಮೂರು ವರ್ಷ ಓಡಿದ ಬಿಎಂಡಬ್ಲ್ಯು ಐ4 ಅರ್ಧ ಬೆಲೆಗೆ ಬಂದಿದೆ. ತಗೊಳ್ಳಬಹುದಾ?
– ವಿದ್ಯಾನಗರ, ದಾವಣಗೆರೆ

‘ಆಗುತ್ತಿಲ್ಲವಂತೆ’ ಅನ್ನುವವರು ಯಾವ ಕಾರು, ಯಾವ ವರ್ಷ ಅಂತ ಹೇಳುವುದೇ ಇಲ್ಲ. 2021ರಲ್ಲಿ ಪೋರ್ಷೆ ತನ್ನ ಎಲೆಕ್ಟ್ರಿಕ್ ಸೆಡಾನ್ ಟೈಕಾನ್ ಅನ್ನು ಜಗತ್ತಿನಾದ್ಯಂತ 41,296 ಮಾರಿತು. ಅದರದೇ ಪೆಟ್ರೋಲ್ ಕಾರು 911 ಹಿಂದೆ ಬಿತ್ತು. 2024ರಲ್ಲಿ ಟೈಕಾನ್ 20,836ಕ್ಕೆ ಕುಸಿಯಿತು, 911 ಐವತ್ತು ಸಾವಿರ ದಾಟಿತು. ಅದೇ ವರ್ಷ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಲೂಸಿಡ್‌ನ ಮಾರಾಟ ಹಿಂದಿನ ವರ್ಷದ 6,001ರಿಂದ 10,241ಕ್ಕೆ ಏರಿತು. ಈ ಅಂಕಿಗಳಿಂದ ಮರುಮಾರಾಟದ ಬೆಲೆ ಅಂದಾಜಾಗುತ್ತದೆಯೇ ಹೊರತು ಬ್ಯಾಟರಿಯ ಆರೋಗ್ಯವಲ್ಲ. ಹೊಸ ಮಾದರಿ ಬಂದಂತೆಲ್ಲ ಹಳೆಯದರ ಬೆಲೆ ಬೀಳುತ್ತದೆ. ಆರೇಳು ವರ್ಷ ಇಟ್ಟುಕೊಳ್ಳುವ ಮನಸ್ಸಿಲ್ಲದಿದ್ದರೆ ಬಿಟ್ಟುಬಿಡಿ.

ಇಟ್ಟುಕೊಳ್ಳುವುದಾದರೆ ಮಾತು ಬ್ರೋಕರ್ ಜೊತೆ ಬೇಡ, ಚಾರ್ಜರ್‌ನ ಯೂನಿಟ್ ಮೀಟರ್ ಜೊತೆ. ಆ ಕಾರು ಇಡ್ರೈವ್40 ಮಾದರಿಯದಾದರೆ ಬಳಕೆಗೆ ಸಿಗುವ ಬ್ಯಾಟರಿ 80.7 ಯೂನಿಟ್. ಶೇ 20ಕ್ಕೆ ಇಳಿಸಿ, ಮನೆಯಲ್ಲಿ ಹಾಕುವಂಥ ಎಸಿ ಚಾರ್ಜರ್‌ನಲ್ಲಿ ಶೇ 80ರವರೆಗೆ ತುಂಬಿಸಿ. ಒಳಗೆ ಹೋಗಬೇಕಾದ್ದು 48 ಯೂನಿಟ್. ಶೇ 10ರಷ್ಟು ದಾರಿಯಲ್ಲೇ ಸೋರುವುದರಿಂದ ಮೀಟರ್ 53ರ ಆಸುಪಾಸು ತೋರಿಸಬೇಕು. 45 ತೋರಿಸಿದರೆ ಬ್ಯಾಟರಿ ಸವೆದಿದೆ. ಪರದೆಯ ಶೇಕಡಾವಾರು ನಂಬಬೇಡಿ: ಸವೆದ ಬ್ಯಾಟರಿಯೂ ‘ನೂರು’ ಅನ್ನುತ್ತದೆ. 11 ಕಿಲೋವಾಟ್‌ನ ಚಾರ್ಜರ್‌ಗೆ ಇದು ಸುಮಾರು ಐದು ಗಂಟೆ ಹಿಡಿಯುತ್ತದೆ. ಕಾಯಲು ಒಪ್ಪದ ಮಾರಾಟಗಾರನಿಗೆ ಅಲ್ಲೇ ಕೈ ಮುಗಿಯಿರಿ.

ಆಮೇಲೆ ಲಿಫ್ಟ್ ಮೇಲೆ ಏರಿಸಿ. ನಮ್ಮ ಹಂಪ್‌ಗಳಿಗೆ ತಳ ಬಡಿದು ಬ್ಯಾಟರಿ ಪೆಟ್ಟಿಗೆ ಒಳಕ್ಕೆ ತಗ್ಗಿದ್ದರೆ ಬೆಲೆ ಕಾಲುಭಾಗಕ್ಕೆ ಇಳಿದರೂ ಬೇಡ. ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಅದೂ ಮೊದಲ ಮಾರಾಟದ ದಿನದಿಂದ. ಕೊನೆಗೆ ಆರ್‌ಟಿಒ: ಮಹಾರಾಷ್ಟ್ರದ ಎನ್‌ಒಸಿ ಬೇಕು. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಕರ್ನಾಟಕದಲ್ಲಿ 2024ರಿಂದ ಜೀವಿತಾವಧಿ ತೆರಿಗೆ ಶೇ 10. ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ ನಿಜ, ಆದರೆ ಲೆಕ್ಕ ಹೊಸ ಕಾರಿನ ಬೆಲೆಯ ಮೇಲೆ, ನೀವು ಕೊಟ್ಟ ಅರ್ಧ ಬೆಲೆಯ ಮೇಲಲ್ಲ.

ಪ್ರಶ್ನೆ: ಚಿತ್ರದುರ್ಗದಿಂದ ಬೆಂಗಳೂರಿಗೆ ಒಂದೇ ಚಾರ್ಜಿನಲ್ಲಿ ಹೋಗಿ ಬರಬಹುದಾ?

400 ಕಿ.ಮೀ., ಹೆದ್ದಾರಿಯಲ್ಲಿ ಕಿ.ಮೀ.ಗೆ 0.18ರಿಂದ 0.2 ಯೂನಿಟ್. ನೀವೇ ಗುಣಿಸಿ, ಮೇಲೆ ಹೇಳಿದ ಐ4ರ 80.7 ಯೂನಿಟ್ ಪಕ್ಕ ಇಟ್ಟು ನೋಡಿ. ಬೆಂಗಳೂರಲ್ಲಿ ಊಟದ ಹೊತ್ತಿಗೆ ಪ್ಲಗ್ ಹಾಕಿದರೆ ಜಂಬ ಕಡಿಮೆಯಾಗಲ್ಲ.

ಪ್ರಶ್ನೆ: ಮಳೇಲಿ ಚಾರ್ಜ್ ಮಾಡಿದರೆ ಶಾಕ್ ಹೊಡೆಯುತ್ತಾ?

ಇಲ್ಲ. ಮನೆಯ ಅರ್ಥಿಂಗ್ ಸರಿ ಇದೆಯಾ, ಅದನ್ನು ಕೇಳಿ.

ಪ್ರಶ್ನೆ: ಒಬ್ಬರು ಬ್ಯಾಟರಿ ಬಿಚ್ಚಿ, ಸೆಲ್ ಬದಲಿಸಿ ‘ಹೊಸದು’ ಮಾಡಿಕೊಡ್ತಾರಂತೆ, ಕೊಡಲಾ?

ಒಳಗಿರುವುದು ಸುಮಾರು 400 ವೋಲ್ಟ್ ಡಿಸಿ, ಇನ್ವರ್ಟರ್ ಬ್ಯಾಟರಿಯಲ್ಲ. ಅವನು ಬದುಕಿದರೂ ನಿಮ್ಮ ವಾರಂಟಿ ಬದುಕಲ್ಲ.