ಅಮ್ಮನನ್ನೂ ನಾಯಿಯನ್ನೂ ಬೇರೆ ಮಾಡಬೇಡಿ

ನಮಸ್ಕಾರ.

ಪತ್ರಿಕೆಗಳಲ್ಲಿ ದಿನಾ ಬರುತ್ತಿದ್ದ 'ಪೀನಟ್ಸ್' ಎಂಬ ಕಾಮಿಕ್ ಸ್ಟ್ರಿಪ್ಪಿನ (ಸಾಲುಚಿತ್ರಗಳ ಕಥೆಯ) ಹುಡುಗ ಚಾರ್ಲಿ ಬ್ರೌನ್‌ನನ್ನು ಸೃಷ್ಟಿಸಿದ ಚಾರ್ಲ್ಸ್ ಶುಲ್ಜ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಿಮ್ಮ ಹತ್ತಿರ ಒಳ್ಳೆಯ ಸರಕಿದೆ. ಅದು ಇರಬೇಕಾದ ಜಾಗದಲ್ಲಿ ಇಲ್ಲ, ಅಷ್ಟೇ.

ಮೊದಲ ಪುಟ ಪೂರ್ತಿ ತೆಗೆದುಬಿಡಿ. 'ಅಪ್ರತಿಮ ಪ್ರತಿಭೆ', 'ಮಕ್ಕಳ ಮನಗೆದ್ದ ಮಾಂತ್ರಿಕ', 'ಜಗತ್ತೇ ಕೊಂಡಾಡಿದ ಕಲಾವಿದ' ಅಂತೆಲ್ಲ ಬರೆದಿದ್ದೀರಿ. ಈ ಮಾತುಗಳನ್ನು ಯಾರ ಹೆಸರಿನ ಮುಂದೆ ಇಟ್ಟರೂ ಹೊಂದಿಕೊಳ್ಳುತ್ತವೆ. ಶುಲ್ಜ್ 1922ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ್ದು, ಅವರ ಅಪ್ಪ ಕ್ಷೌರದಂಗಡಿ ಇಟ್ಟಿದ್ದು, ಎಲ್ಲರೂ ಅವರನ್ನು 'ಸ್ಪಾರ್ಕಿ' ಅಂತ ಕರೆಯುತ್ತಿದ್ದದ್ದು ನಿಮ್ಮಲ್ಲಿ ಬರುವುದು ಎರಡನೇ ಪುಟದಲ್ಲಿ. ಚಾರ್ಲಿ ಬ್ರೌನ್‌ನ ಅಪ್ಪನಿಗೂ ಕ್ಷೌರದ್ದೇ ಕಸುಬು. ಅದನ್ನು ನೀವು ಹೇಳಿಯೇ ಇಲ್ಲ! ಆ ಒಂದು ಸಾಲು ನಿಮ್ಮ ಇಡೀ ಮೊದಲ ಪುಟಕ್ಕಿಂತ ಜಾಸ್ತಿ ಹೇಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರನೇ ಪುಟದಲ್ಲಿ ಶುಲ್ಜ್ ಅವರ ಅಮ್ಮನ ಸಾವಿನ ಬಗ್ಗೆ ಬರೆದಿದ್ದೀರಿ. 1943ರಲ್ಲಿ ಅವರಿಗೆ ಕ್ಯಾನ್ಸರ್ ಉಲ್ಬಣಿಸಿತ್ತು. ಇಪ್ಪತ್ತು ವರ್ಷದ ಮಗ ಸೈನ್ಯಕ್ಕೆ ಸೇರಿದ್ದ, ರಜೆಯಲ್ಲಿ ಮನೆಗೆ ಬಂದಿದ್ದ. ಶಿಬಿರಕ್ಕೆ ವಾಪಸ್ ಹೊರಡುವ ಮುಂಚೆ ಅಮ್ಮನ ಹಾಸಿಗೆಯ ಹತ್ತಿರ ಹೋದ. ನಾವಿಬ್ಬರೂ ಇನ್ನು ಬಹುಶಃ ಒಬ್ಬರನ್ನೊಬ್ಬರು ನೋಡುವುದಿಲ್ಲ ಅಂದರು ಅಮ್ಮ. ಆಮೇಲೆ ಅವರು ಹೆಚ್ಚು ಬದುಕಲಿಲ್ಲ. ಇದನ್ನು ಓದುವಾಗ ನಾನು ಸ್ವಲ್ಪ ಹೊತ್ತು ಹಾಳೆ ಕೆಳಗಿಟ್ಟೆ. ನೀವೋ ಮುಂದಿನ ಸಾಲಿನಲ್ಲೇ 'ಈ ನೋವೇ ಅವರ ಕಲೆಗೆ ಸ್ಫೂರ್ತಿಯಾಯಿತು' ಎಂದು ಮುಗಿಸಿಬಿಟ್ಟಿರಿ.

ಆರನೇ ಪುಟದಲ್ಲಿ, ಇನ್ನೆಲ್ಲೋ, ಚಾರ್ಲಿ ಬ್ರೌನ್‌ನ ನಾಯಿ ಸ್ನೂಪಿಯ ಹೆಸರಿನ ಕಥೆ ಬರುತ್ತದೆ. ಶುಲ್ಜ್ ಮೊದಲು ಯೋಚಿಸಿದ್ದು ಸ್ನಿಫಿ ಅಂತ. ಆ ಹೆಸರನ್ನು ಬೇರೆ ಯಾರೋ ಆಗಲೇ ಬಳಸಿದ್ದರು. ಆಗ ಅವರಿಗೆ ಅಮ್ಮನ ಮಾತು ನೆನಪಾಯಿತು: ಮನೆಗೆ ಇನ್ನೊಂದು ನಾಯಿ ಬಂದರೆ ಸ್ನೂಪಿ ಅಂತ ಕರೆಯೋಣ. ಆ ಇನ್ನೊಂದು ನಾಯಿ ಅಮ್ಮ ಇರುವಾಗ ಬರಲೇ ಇಲ್ಲ. ಏಳು ವರ್ಷದ ನಂತರ ಕಾಗದದ ಮೇಲೆ ಬಂತು. ಇದನ್ನು ನೀವು 'ಸ್ವಾರಸ್ಯಕರ ಸಂಗತಿಗಳು' ಅನ್ನುವ ಉಪಶೀರ್ಷಿಕೆಯ ಕೆಳಗೆ ಹಾಕಿದ್ದೀರಲ್ಲಾ! ಎರಡನ್ನೂ ಅಕ್ಕಪಕ್ಕ ಇಡಿ. ನಡುವೆ ನಿಮ್ಮದೊಂದು ಮಾತೂ ಬೇಡ. 'ಸ್ಫೂರ್ತಿ' ಅನ್ನುವ ಪದ ತಾನಾಗಿ ಬಿದ್ದುಹೋಗುತ್ತದೆ. ಅದೇ ಮನೆಯಲ್ಲಿ ಪಿನ್ನು, ಬ್ಲೇಡು ನುಂಗುತ್ತಿದ್ದ ಸ್ಪೈಕ್ ಎಂಬ ನಾಯಿ ಇತ್ತಲ್ಲ, ಹದಿನಾಲ್ಕರ ಹುಡುಗ ಅದರ ಚಿತ್ರ ಬರೆದು ಕಳಿಸಿ, 1937ರಲ್ಲಿ ಪತ್ರಿಕೆಯಲ್ಲಿ ಅಚ್ಚಾಗಿತ್ತಲ್ಲ, ಅದೂ ಇಲ್ಲಿಗೇ ಬರಲಿ.

ಒಂದೆರಡು ತಪ್ಪುಗಳಿವೆ. 'ಪೀನಟ್ಸ್' ಎಂಬ ಹೆಸರು ಶುಲ್ಜ್ ಇಟ್ಟದ್ದಲ್ಲ. ಸ್ಟ್ರಿಪ್ಪನ್ನು ಪತ್ರಿಕೆಗಳಿಗೆ ಹಂಚುತ್ತಿದ್ದ ಸಂಸ್ಥೆ ಇಟ್ಟದ್ದು. ಶುಲ್ಜ್ ಅವರಿಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. 'ತಮ್ಮ ತಂಡದೊಂದಿಗೆ ರಚಿಸಿದರು' ಎಂದೂ ಬರೆದಿದ್ದೀರಿ. ತಂಡ ಇರಲಿಲ್ಲ. 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಶುರುವಾದ ಸ್ಟ್ರಿಪ್ ಅದು. ಒಟ್ಟು 17,897. ಅಷ್ಟನ್ನೂ ಒಬ್ಬರೇ ಬರೆದರು. ಚಿತ್ರ, ಮಾತು, ಅಕ್ಷರ ಎಲ್ಲ ಅವರದೇ ಕೈ. 1981ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆದ ಮೇಲೆ ಆ ಕೈ ನಡುಗತೊಡಗಿತು. ಐವತ್ತರ ದಶಕದ ಒಂದು ಸ್ಟ್ರಿಪ್ಪನ್ನೂ ತೊಂಬತ್ತರ ದಶಕದ ಒಂದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಗೆರೆ ಒಂದೇ ಎಳೆತಕ್ಕೆ ಸಲೀಸಾಗಿ ಹೋಗಿದೆ. ಎರಡನೆಯದರಲ್ಲಿ ಅದೇ ಗೆರೆ ಸಣ್ಣಗೆ ಅಲೆಯಲೆಯಾಗಿದೆ. ಆದರೂ ಬೇರೆಯವರ ಕೈಗೆ ಪೆನ್ನು ಕೊಡಲಿಲ್ಲ. ನೀವು ಕಣ್ಣಾರೆ ಕಂಡದ್ದನ್ನು ಬರೆದರೆ 'ಅಪಾರ ಶ್ರದ್ಧೆ' ಅಂತ ಬರೆಯುವ ಕೆಲಸವೇ ಇರುವುದಿಲ್ಲ.

ಇನ್ನು ನಿಮ್ಮ ಲೇಖನದ ಓಟದ ಬಗ್ಗೆ. ಶಾಲೆಯ ವಾರ್ಷಿಕ ಪುಸ್ತಕಕ್ಕೆ ಕೊಟ್ಟ ಚಿತ್ರಗಳನ್ನು ತಿರಸ್ಕರಿಸಿದರು, ಕೆಂಪು ಕೂದಲಿನ ಹುಡುಗಿ ಮದುವೆಗೆ ಒಲ್ಲೆ ಅಂದಳು, ಕೊನೆಗೆ ಎಲ್ಲವನ್ನೂ ಮೆಟ್ಟಿ ನಿಂತು ಗೆದ್ದರು. ಹೀಗೆ ಸಾಗುತ್ತದೆ. ಇಲ್ಲಿ ನಾನು ನಿಮ್ಮನ್ನು ಒಪ್ಪುವುದಿಲ್ಲ. ದುಡ್ಡು ಬಂತು, ಹೆಸರು ಬಂತು, ನಿಜ. ಆದರೆ ಚಾರ್ಲಿ ಬ್ರೌನ್ ಗೆದ್ದನಾ? ಐವತ್ತು ವರ್ಷ ಆ ಹುಡುಗ ಚೆಂಡು ಒದೆಯಲು ಓಡಿ ಬಂದ. ಚೆಂಡು ಹಿಡಿದು ಕೂತ ಲೂಸಿ ಎಂಬ ಹುಡುಗಿ ಕೊನೇ ಕ್ಷಣದಲ್ಲಿ ಅದನ್ನು ಎಳೆದುಕೊಂಡಳು. ಅವನು ಗಾಳಿಯಲ್ಲಿ ಹಾರಿ ಬೆನ್ನು ಕೆಳಗಾಗಿ ಬಿದ್ದ. ಮುಂದಿನ ವರ್ಷ ಮತ್ತೆ ಬಂದ. ಒಂದೇ ಒಂದು ಸಲ ಒದೆಯಲು ಬಿಡಬಹುದಿತ್ತು, ಪೆನ್ನು ಶುಲ್ಜ್ ಕೈಯಲ್ಲೇ ಇತ್ತು. ಬಿಡಲಿಲ್ಲ. 1999ರ ಕೊನೆಗೆ, ಕಾಯಿಲೆಯಿಂದ ನಿವೃತ್ತಿ ಹೇಳಿದಾಗ, ಪಾಪ ಆ ಹುಡುಗ ಚೆಂಡು ಒದೆಯಲೇ ಇಲ್ಲವಲ್ಲ ಅಂತ ಅವರಿಗೇ ಕಣ್ಣು ತುಂಬಿ ಬಂತು. ಇಂಥವರ ಬಗ್ಗೆ ಗೆಲುವಿನ ಕಥೆ ಬರೆದರೆ ಅವರು ದಿನಾ ಮೇಜಿನ ಮುಂದೆ ಕೂತು ಏನು ಮಾಡುತ್ತಿದ್ದರು ಅನ್ನುವುದೇ ತಪ್ಪಿಹೋಗುತ್ತದೆ, ಅಲ್ವಾ?

2000ದ ಫೆಬ್ರವರಿ 12ರ ರಾತ್ರಿ ಅವರು ತೀರಿಕೊಂಡದ್ದು, ಮರುದಿನ ಬೆಳಿಗ್ಗೆ ಪತ್ರಿಕೆಗಳಲ್ಲಿ ಕೊನೆಯ ಸ್ಟ್ರಿಪ್ ಬಂದದ್ದು ಇರಲಿ. ಒಂದೇ ಸಾಲಿನಲ್ಲಿ ಹೇಳಿ. 'ಅಮರರಾದರು' ಬೇಡ.

ಅದರ ಬದಲು ಚೆಂಡಿನ ಕೊನೆಯ ಸ್ಟ್ರಿಪ್ ಹುಡುಕಿ ನೋಡಿ. 1999ರ ಅಕ್ಟೋಬರ್ 24ರದು. ಲೂಸಿಯನ್ನು ಮನೆಯೊಳಗೆ ಕರೆಯುತ್ತಾರೆ. ಅವಳು ಚೆಂಡನ್ನು ತಮ್ಮ ರೀರನ್ ಕೈಗೆ ಕೊಟ್ಟು ಹೋಗುತ್ತಾಳೆ. ಆಮೇಲೆ ಏನಾಯಿತು, ಎಳೆದುಕೊಂಡೆಯಾ, ಒದ್ದನಾ ಅಂತ ಕೇಳುತ್ತಾಳೆ. ನಿನಗೆ ಯಾವತ್ತೂ ಗೊತ್ತಾಗುವುದಿಲ್ಲ ಅನ್ನುತ್ತಾನೆ ಪುಟ್ಟ ತಮ್ಮ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಎಲ್ಲಿ ಬರಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ. ಒಂಬತ್ತು ಪುಟ ಬೇಡ, ಐದು ಸಾಕು. ತಿದ್ದಿ ನನಗೇ ಕಳಿಸಿ, ಕಾಯುತ್ತಿರುತ್ತೇನೆ.