ಬೇಸಿಗೆಯಲ್ಲಿ ಗಬ್ಬ ನಿಲ್ಲದ ಹಸು ಮತ್ತು ಭ್ರೂಣದ ಸಣ್ಣ ಆರ್‌ಎನ್‌ಎ

ಪ್ರಶ್ನೆ: ನಮ್ಮ ಮಿಶ್ರತಳಿ ಹಸುವಿಗೆ ಏಪ್ರಿಲ್, ಮೇ ತಿಂಗಳಲ್ಲಿ ಎರಡು ಸಲ ಕೃತಕ ಗರ್ಭಧಾರಣೆ ಮಾಡಿಸಿದೆವು. ಎರಡು ಸಲವೂ 21 ದಿನಕ್ಕೆ ಮತ್ತೆ ಬೆದೆಗೆ ಬಂತು. ಭ್ರೂಣದ ಸಣ್ಣ ಆರ್‌ಎನ್‌ಎ ಕೆಟ್ಟರೆ ಹೀಗಾಗುತ್ತದೆ ಎಂದು ಓದಿದೆ. ಅದಕ್ಕೆ ಔಷಧವಿದೆಯೇ?
– ಸಿಂಧನೂರು ತಾಲ್ಲೂಕಿನ ಓದುಗರು

ಉತ್ತರ: ಔಷಧವಿಲ್ಲ. ಆದರೆ ನೀವು ಓದಿದ್ದರಲ್ಲಿ ಹುರುಳಿದೆ.

ಗರ್ಭ ಕಟ್ಟಿದ ಮೊದಲ ಎರಡು ಮೂರು ದಿನ ಭ್ರೂಣವು ತನ್ನ ಜೀನುಗಳನ್ನು ಹೆಚ್ಚಾಗಿ ಬಳಸುವುದಿಲ್ಲ. ತಾಯಿಯ ಅಂಡಾಣುವಿನಲ್ಲಿ ಕೂಡಿಟ್ಟ, ಯಾವ ಪ್ರೋಟೀನು ತಯಾರಿಸಬೇಕೆಂದು ಹೇಳುವ ಸಂದೇಶವಾಹಕ ಆರ್‌ಎನ್‌ಎಗಳ ಬುತ್ತಿಯಿಂದಲೇ ಅದು ಬದುಕುತ್ತದೆ. ಹಸುವಿನಲ್ಲೂ ಕುರಿಯಲ್ಲೂ ಭ್ರೂಣದ ಸ್ವಂತ ಜೀನುಗಳು ಪೂರ್ಣವಾಗಿ ಚಾಲನೆಗೊಳ್ಳುವುದು 8ರಿಂದ 16 ಕೋಶಗಳ ಹಂತದಲ್ಲಿ. ಆ ಹೊತ್ತಿಗೆ ತಾಯಿಯ ಹಳೆಯ ಸಂದೇಶಗಳು ತೆರವಾಗಬೇಕು. ನೀವು ಓದಿದ ಸಣ್ಣ ಆರ್‌ಎನ್‌ಎಗಳು, ಅಂದರೆ ಸುಮಾರು 22 ರಾಸಾಯನಿಕ ಅಕ್ಷರಗಳಷ್ಟೇ ಉದ್ದದ ಮೈಕ್ರೊ ಆರ್‌ಎನ್‌ಎಗಳು ಹೊಂದುವ ಸಂದೇಶಕ್ಕೆ ಅಂಟಿಕೊಂಡು, ಅದರಿಂದ ಪ್ರೋಟೀನು ತಯಾರಾಗದಂತೆ ತಡೆಯುತ್ತವೆ ಅಥವಾ ಆ ಸಂದೇಶವನ್ನೇ ಬೇಗ ಕರಗಿಸುತ್ತವೆ. ಜೀಬ್ರಾ ಮೀನಿನಲ್ಲಿ ಮಿರ್-430 ಎಂಬ ಮೈಕ್ರೊ ಆರ್‌ಎನ್‌ಎ ಈ ತೆರವಿನ ಕೆಲಸ ಮಾಡುವುದು ಸ್ಪಷ್ಟವಾಗಿ ಕಂಡಿದೆ. ಹಸುವಿನ ಭ್ರೂಣದಲ್ಲಿ ಮಿರ್-21 ಎಂಬ ಇನ್ನೊಂದರ ಪ್ರಮಾಣ 8 ಕೋಶಗಳ ಹಂತದವರೆಗೆ ಏರುತ್ತಾ ಹೋಗುತ್ತದೆ. (ಮೈಕ್ರೊ ಆರ್‌ಎನ್‌ಎ ಮೊದಲು ಸಿಕ್ಕಿದ್ದು 1993ರಲ್ಲಿ, ಒಂದು ಚಿಕ್ಕ ದುಂಡುಹುಳುವಿನಲ್ಲಿ, ಅದಕ್ಕೆ ನೊಬೆಲ್ ಬಂದದ್ದು 2024ರಲ್ಲಿ.)

ನಿಮ್ಮ ಹಸುವಿನ ಮಟ್ಟಿಗೆ ನಾನು ಮೊದಲು ಸಂಶಯಿಸುವುದು ರಾಯಚೂರಿನ ಬಿಸಿಲನ್ನು. ಸ್ವಂತ ಜೀನುಗಳು ಚಾಲನೆಗೊಳ್ಳದ ಭ್ರೂಣವು ಶಾಖವನ್ನು ತಾಳಿಕೊಳ್ಳುವ ಪ್ರೋಟೀನುಗಳನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಆದ್ದರಿಂದಲೇ ಮೊದಲ ದಿನಗಳ ಬಿಸಿ ಅದನ್ನು ಕೊಲ್ಲುವಷ್ಟು ಸುಲಭವಾಗಿ ನಂತರದ ಬಿಸಿ ಕೊಲ್ಲುವುದಿಲ್ಲ. ಬದುಕುಳಿದ ಭ್ರೂಣವು 16ನೆಯ ದಿನದ ಸುಮಾರಿಗೆ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ತಾಯಿಯ ದೇಹಕ್ಕೆ ತನ್ನ ಇರವನ್ನು ತಿಳಿಸುತ್ತದೆ. ಅದಕ್ಕೂ ಮುಂಚೆ ಸತ್ತರೆ, ಅಥವಾ ಗರ್ಭವೇ ಕಟ್ಟದಿದ್ದರೆ, ಹಸು ಎಂದಿನಂತೆ 21 ದಿನಕ್ಕೆ ಬೆದೆಗೆ ಬರುತ್ತದೆ. ಈ ಎರಡನ್ನು ಹೊರಗಿನಿಂದ ಬೇರ್ಪಡಿಸಿ ಹೇಳಲಾಗದು.

ಆದಕಾರಣ ಬೆದೆ ಕಂಡ ಸಮಯವನ್ನು ಬರೆದಿಡಿ. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಬೆದೆಯ ದಿನದಿಂದ ಮುಂದಿನ ಮೂರು ದಿನ ಹಸುವನ್ನು ತಗಡಿನ ಚಪ್ಪರದಡಿ ಕಟ್ಟದೆ ಬೇವಿನ ನೆರಳಲ್ಲಿ ಕಟ್ಟಿ, ಮಧ್ಯಾಹ್ನ ಮೈಗೆ ನೀರು ಹಾಕಿ, ಕುಡಿಯುವ ನೀರು ಸದಾ ಎದುರಿಗಿರಲಿ. ಮೂರನೆಯ ಸಲವೂ ನಿಲ್ಲದಿದ್ದರೆ ಗರ್ಭಕೋಶದ ಸೋಂಕಿಗಾಗಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.